ಎರಡು ಅಡಿಯ ಕೋಯಿ ಮೀನನ್ನು ಕೊಳದಿಂದ ಹಿಡಿಯುವುದು ಹೇಗೆ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಮನೆಯ ಹಿತ್ತಲಲ್ಲಿ 12 ಅಡಿ ಉದ್ದ, 8 ಅಡಿ ಅಗಲ, 4 ಅಡಿ ಆಳದ ಸಿಮೆಂಟ್ ಕೊಳವಿದೆ. ಅದರಲ್ಲಿ ಆರು ಕೋಯಿ ಮೀನುಗಳನ್ನು ಮರಿಯಿಂದಲೂ ಸಾಕಿದ್ದೇವೆ. ಎಲ್ಲಕ್ಕಿಂತ ದೊಡ್ಡದು ಎರಡಡಿ ದಾಟಿದೆ. ಅದರ ಪಕ್ಕೆಯಲ್ಲಿ ಎಂಟಾಣೆ ನಾಣ್ಯದಷ್ಟು ಅಗಲದ ಕೆಂಪು ಹುಣ್ಣಾಗಿದೆ. ಔಷಧ ಹಚ್ಚೋಣವೆಂದು ಅಂಗಡಿಯಿಂದ ಕೈಬಲೆ ತಂದು ಪ್ರಯತ್ನಿಸಿದೆವು. ನೀರೆಲ್ಲ ಕದಡಿತು, ಮೀನು ಸಿಗಲಿಲ್ಲ, ಗಾಬರಿಯಲ್ಲಿ ಇನ್ನೊಂದು ಮೀನು ಹಾರಿ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಈಗ ನಮ್ಮನ್ನು ಕಂಡರೆ ಎಲ್ಲವೂ ಮೂಲೆ ಸೇರುತ್ತವೆ. ಇಷ್ಟು ದೊಡ್ಡ ಮೀನನ್ನು ಹಿಡಿಯುವುದು, ಎತ್ತುವುದು ಹೇಗೆ? ನಮ್ಮ ಕೈಲಾಗದಿದ್ದರೆ ಹತ್ತಿರದ ಕೆರೆಗೆ ಬಿಡಬಹುದೇ?

ಉತ್ತರ: ಸದ್ಯಕ್ಕೆ ಬಲೆ ಕೆಳಗಿಟ್ಟಿದ್ದೀರಲ್ಲ, ಒಳ್ಳೆಯದಾಯಿತು. ಎಂಟಾಣೆ ಅಗಲದ ಹುಣ್ಣಿರುವ ಮೀನು ಇನ್ನೂ ಕೆಲವು ದಿನ ತಾಳಿಕೊಂಡೀತು. ಆದರೆ ಅರ್ಧ ಗಂಟೆ ಕೊಳದ ತುಂಬ ಅಟ್ಟಾಡಿಸಿದರೆ ಅದೇ ಮೀನು ಮರುದಿನ ಬೆಳಗ್ಗೆ ಮಗುಚಿ ತೇಲುತ್ತಿರಬಹುದು. ಹುಣ್ಣಿಗಿಂತ ಹುಣ್ಣಿಗೆ ಮದ್ದು ಹಚ್ಚಲು ನಡೆಸಿದ ಬೇಟೆಯಿಂದಲೇ ಸತ್ತ ಕೋಯಿಗಳು ಬಹಳ. ಹಾಗಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ದೊಡ್ಡ ಕೋಯಿಯನ್ನು ಬಲೆಯಲ್ಲಿ ಮೇಲೆತ್ತಲೇಬಾರದು. ಬಲೆಯಿಂದ ಅದಕ್ಕೆ ದಾರಿ ತೋರಿಸಬೇಕು, ಆಮೇಲೆ ನೀರಿನ ಸಮೇತ ಸಾಗಿಸಬೇಕು.

ಹಿಡಿಯಲೇಬೇಕೇ ಎಂಬುದನ್ನೂ ಮೊದಲು ತೀರ್ಮಾನಿಸಿ. ಮೈಮೇಲೆ ಅರೆಪಾರದರ್ಶಕವಾದ ಚಪ್ಪಟೆ ಹುಳು ಸರಿದಾಡುತ್ತಿದ್ದರೆ ಅದು ಮೀನು ಹೇನು. ಅದಕ್ಕೆ ಇಡೀ ಕೊಳಕ್ಕೇ ಚಿಕಿತ್ಸೆ ಆಗಬೇಕು, ಒಂದೊಂದೇ ಮೀನನ್ನು ಹಿಡಿದು ಪ್ರಯೋಜನವಿಲ್ಲ. ಮೇವು ಹಾಕುವಾಗ ಮೊಬೈಲಿನಲ್ಲಿ ವಿಡಿಯೊ ತೆಗೆದು ದೊಡ್ಡದು ಮಾಡಿ ನೋಡಿದರೆ ಎಷ್ಟೋ ವಿಷಯ ನೀರಿಗೆ ಕೈ ಹಾಕದೆಯೇ ಗೊತ್ತಾಗುತ್ತದೆ. ನೀವು ಬರೆದಿರುವಂಥ, ಒಂದೇ ಮೀನಿನ ಮೈಮೇಲಿನ ಕೆಂಪು ಹುಣ್ಣು ಬಹುಮಟ್ಟಿಗೆ ಏರೊಮೊನಾಸ್ ಬ್ಯಾಕ್ಟೀರಿಯಾದ ಕೆಲಸ. ಎಲ್ಲಿಯೋ ಗೀರಿ ಲೋಳೆ ಕಿತ್ತುಹೋದ ಜಾಗದಲ್ಲಿ ಅದು ನೆಲೆ ಮಾಡಿಕೊಳ್ಳುತ್ತದೆ. ಅದನ್ನು ಹತ್ತಿರದಿಂದ ನೋಡಿ ಶುಚಿ ಮಾಡಬೇಕು. ಆದ್ದರಿಂದ ನಿಮ್ಮ ದೊಡ್ಡ ಮೀನನ್ನು ಹಿಡಿಯಬೇಕಾದದ್ದು ನಿಜ.

ಕೋಯಿ ಎಂದರೆ ಬಣ್ಣಕ್ಕಾಗಿ ತಳಿ ಮಾಡಿದ ಗೆಂಡೆ ಮೀನೇ. ಎರಡಡಿ ಬೆಳೆದದ್ದು ಮೂರೂವರೆ, ನಾಲ್ಕು ಕಿಲೊ ತೂಗುತ್ತದೆ, ಆ ತೂಕದಲ್ಲಿ ಹೆಚ್ಚಿನದು ಈಜುವ ಮಾಂಸಖಂಡ. ನಿಧಾನವಾಗಿ ಈಜುವಾಗ ಚರ್ಮದ ಕೆಳಗಿನ ತೆಳು ಕೆಂಪು ಮಾಂಸ ಸಾಕು. ಬಲೆ ಕಂಡು ಚಿಮ್ಮುವಾಗ ದುಡಿಯುವುದು ಬಿಳಿ ಮಾಂಸ. ಅದು ಆಮ್ಲಜನಕಕ್ಕೆ ಕಾಯದೆ ಶಕ್ತಿ ಕೊಡುತ್ತದೆ, ಬದಲಿಗೆ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಅದನ್ನು ಕಳೆದುಕೊಳ್ಳಲು ಮೀನಿಗೆ ಹಲವು ಗಂಟೆ ಬೇಕು. ಅಟ್ಟಾಡಿಸಿದಾಗ ಚೆನ್ನಾಗಿಯೇ ಇದ್ದ ಮೀನು ರಾತ್ರಿ ಸಾಯುವುದಕ್ಕೆ ಕಾರಣ ಇಲ್ಲಿದೆ. ನೀರು ಬಿಸಿಯಾದಷ್ಟೂ ಅಪಾಯ ಹೆಚ್ಚು. 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಇದು ಸಮುದ್ರಮಟ್ಟದ ಲೆಕ್ಕ. ಮೈಸೂರು 700 ಮೀಟರಿಗೂ ಮೇಲಿರುವುದರಿಂದ ನಿಮ್ಮಲ್ಲಿ ಇನ್ನೂ ಕಡಿಮೆ. ಏಪ್ರಿಲ್ ಮಧ್ಯಾಹ್ನ ಈ ಕೆಲಸಕ್ಕೆ ಇಳಿಯಲೇಬಾರದು.

ಹಾಗಾದರೆ ಬೆಳಗಿನ ಜಾವ ಸರಿ ಎನ್ನಿಸುವುದು ಸಹಜ. ಅಲ್ಲೂ ಒಂದು ತೊಡಕಿದೆ. ನೀರು ಹಸಿರಾಗಿದ್ದರೆ ಅಥವಾ ಗಿಡಗಳಿದ್ದರೆ ಅವು ರಾತ್ರಿಯಿಡೀ ಆಮ್ಲಜನಕವನ್ನೇ ಉಸಿರಾಡುತ್ತವೆ. ಸೂರ್ಯ ಹುಟ್ಟುವ ಹೊತ್ತಿಗೆ ಕೊಳದಲ್ಲಿ ಆಮ್ಲಜನಕ ದಿನದಲ್ಲೇ ಅತಿ ಕಡಿಮೆ. ಹಿಂದಿನ ಸಂಜೆಯಿಂದಲೇ ಏರ್ ಪಂಪ್ ಜೋರಾಗಿ ಓಡಲಿ, ಬಿಸಿಲು ಬಿದ್ದು ಒಂದೆರಡು ಗಂಟೆಯಾದ ಮೇಲೆ ಕೆಲಸ ಶುರು ಮಾಡಿ. ಮೇವನ್ನು ಒಂದು ದಿನ ಮೊದಲೇ ನಿಲ್ಲಿಸಿ.

ನಿಮ್ಮನ್ನು ಕಂಡರೆ ಓಡುತ್ತವೆ ಎಂದಿರಿ. ಗೆಂಡೆ ಕುಲದ ಮೀನುಗಳ ನೆನಪನ್ನು ಕಡಿಮೆ ಅಂದಾಜು ಮಾಡಬಾರದು. ನೆದರ್ಲೆಂಡ್ಸ್‌ನಲ್ಲಿ ನಡೆದು 1970ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಒಂದೇ ಸಲ ಗಾಳಕ್ಕೆ ಸಿಕ್ಕ ಗೆಂಡೆಗಳು ಮುಂದೆ ಒಂದು ವರ್ಷದವರೆಗೂ ಗಾಳದಿಂದ ದೂರ ಉಳಿದವು. ಇವುಗಳ ಕಿವಿಯೂ ಚುರುಕು. ಈಜುಚೀಲದಿಂದ ಒಳಕಿವಿಗೆ ಸಣ್ಣ ಮೂಳೆಗಳ ಸರಪಳಿಯಿದ್ದು, ದಡದ ಮೇಲೆ ನೀವು ಧಪಧಪ ನಡೆದದ್ದೂ ಅವಕ್ಕೆ ಕೇಳುತ್ತದೆ. ಇನ್ನೊಂದು ಸಂಗತಿಯನ್ನು 1938ರಲ್ಲಿ ಕಾರ್ಲ್ ಫಾನ್ ಫ್ರಿಶ್ ವರದಿ ಮಾಡಿದರು. ಮುಂದೆ ಜೇನುನೊಣಗಳ ಕುಣಿತದ ಅರ್ಥ ಬಿಡಿಸಿ ನೊಬೆಲ್ ಪಡೆದವರು ಅವರೇ. ಗೆಂಡೆಯ ಬಳಗದ ಒಂದು ಮೀನಿನ ಚರ್ಮಕ್ಕೆ ಗಾಯವಾದರೆ ಅದರಿಂದ ಒಸರುವ ರಾಸಾಯನಿಕ ನೀರಿನಲ್ಲಿ ಹರಡಿ ಉಳಿದ ಮೀನುಗಳೂ ಬೆದರುತ್ತವೆ. ನಿಮ್ಮ ಕೊಳದಲ್ಲಿ ಒಂದು ಮೀನು ಕಲ್ಲಿಗೆ ಬಿದ್ದು ಮೈ ಕೆರೆದುಕೊಂಡಿದೆ, ಆರೂ ಮೂಲೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಮೊದಲು ಅವುಗಳ ನಂಬಿಕೆ ವಾಪಸು ಪಡೆಯಬೇಕು. ಮೂರು ನಾಲ್ಕು ದಿನ ಏನನ್ನೂ ಮಾಡಬೇಡಿ. ಆಮೇಲೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ತೇಲುವ ಪೈಪ್ ಬಳೆಯೊಳಗೆ ಮೇವು ಹಾಕಿ. ಆ ಬಳೆಯ ಪಕ್ಕದಲ್ಲಿ ನೀವು ಬಳಸಲಿರುವ ಟಬ್ಬನ್ನು ತೇಲಲು ಬಿಡಿ, ಬಲೆಯನ್ನೂ ನೀರಿನಲ್ಲೇ ಒಂದು ಕಡೆ ಅಲುಗಾಡದಂತೆ ಇಟ್ಟುಬಿಡಿ. ಒಂದು ವಾರದಲ್ಲಿ ಮೀನುಗಳು ಆ ವಸ್ತುಗಳ ಪಕ್ಕದಲ್ಲೇ ಬಾಯಿ ತೆರೆದು ಮೇವು ತೆಗೆದುಕೊಳ್ಳುವುದನ್ನು ನೋಡುತ್ತೀರಿ. ಬಲೆಗಾರಿಕೆ ಎಷ್ಟೇ ಚೆನ್ನಾಗಿದ್ದರೂ ಈ ತಾಳ್ಮೆಯ ವಾರಕ್ಕೆ ಸಮನಲ್ಲ ಎಂದು ನಾನು ಖಂಡಿತವಾಗಿ ನಂಬಿದ್ದೇನೆ. ಈ ನಡುವೆ ಹುಣ್ಣು ದಿನದಿಂದ ದಿನಕ್ಕೆ ಹಿಗ್ಗುತ್ತಿದ್ದರೆ ಮಾತ್ರ ವಾರ ಕಾಯಬೇಡಿ, ಕೆಳಗೆ ಹೇಳುವಂತೆ ನೀರು ಇಳಿಸಿ ಹಿಡಿಯಿರಿ.

ಸಾಮಾನಿನ ವಿಷಯ. ಅಂಗಡಿಯ ಕೈಬಲೆ ಸಣ್ಣ ಮೀನಿಗೆ ಮಾಡಿದ್ದು. ಬಾಯಿ ಕಿರಿದು, ಚೀಲ ಆಳ, ದಾರ ಒರಟು. ಎರಡಡಿ ಮೀನು ಅದರೊಳಗೆ ಬಿದ್ದರೆ ಬಿಲ್ಲಿನಂತೆ ಬಾಗುತ್ತದೆ, ಮೇಲೆತ್ತಿದಾಗ ಇಡೀ ತೂಕ ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಈಜುರೆಕ್ಕೆ ಸೀಳುತ್ತದೆ, ಹುರುಪೆ ಏಳುತ್ತದೆ. ಇದಕ್ಕಿಂತ ಕೆಟ್ಟದ್ದು ಮುಳ್ಳಿನ ತೊಂದರೆ. ಕೋಯಿಯ ಬೆನ್ನಿನ ಈಜುರೆಕ್ಕೆಯ ಮುಂಭಾಗದಲ್ಲೂ ಗುದದ ಈಜುರೆಕ್ಕೆಯ ಮುಂಭಾಗದಲ್ಲೂ ಗಟ್ಟಿ ಮುಳ್ಳೊಂದಿದೆ, ಅದರ ಹಿಂಬದಿಯಲ್ಲಿ ಗರಗಸದ ಹಲ್ಲುಗಳಿವೆ. ಬೆರಳನ್ನು ಬುಡದಿಂದ ತುದಿಗೆ ಸವರಿ ನೋಡಿದರೆ ಸಣ್ಣ ಕೊಕ್ಕೆಗಳು ಕೈಗೆ ಸಿಗುತ್ತವೆ. ಬಲೆಯ ಕಣ್ಣಿಗೆ ಆ ಹಲ್ಲು ಸಿಕ್ಕಿದ ಮೇಲೆ ಮೀನು ಒದ್ದಾಡಿದಷ್ಟೂ ಬಿಗಿಯುತ್ತದೆ. ಎಂದಾದರೂ ಹಾಗಾದರೆ ಮುಳ್ಳನ್ನು ಎಳೆಯಲು ಹೋಗಬೇಡಿ, ಮೀನನ್ನು ನೀರಿನೊಳಗೇ ಇಟ್ಟುಕೊಂಡು ಚಿಕ್ಕ ಕತ್ತರಿಯಿಂದ ಬಲೆಯನ್ನು ಕತ್ತರಿಸಿ. ಬಲೆ ಇನ್ನೊಂದು ಸಿಗುತ್ತದೆ.

ನಿಮಗೆ ಬೇಕಾಗಿರುವುದು ಪ್ಯಾನ್ ನೆಟ್. ಎರಡೂವರೆ ಮೂರು ಅಡಿ ಅಗಲದ ಬಳೆ, ಅದಕ್ಕೆ ತಟ್ಟೆಯಷ್ಟೇ ತಗ್ಗಿರುವ, ನುಣುಪಾದ ಸಣ್ಣ ಕಣ್ಣಿನ ಬಲೆ, ಉದ್ದ ಕೋಲು. ಎರಡನೆಯದು ಮೀನು ಪೂರ್ತಿ ಮಲಗುವಷ್ಟು ಅಗಲದ, ಅಂಚು ನಯವಾಗಿರುವ ದೊಡ್ಡ ಪ್ಲಾಸ್ಟಿಕ್ ಟಬ್. ಮೂರನೆಯದು ಕೋಯಿ ಸಾಕುವವರು ಸಾಕ್ಸ್ ಎಂದು ಕರೆಯುವ ಬಟ್ಟೆಯ ಕೊಳವೆ. ನಾಲ್ಕಡಿ ಉದ್ದ, ಎರಡೂ ಕಡೆ ತೆರೆದ ಬಾಯಿ, ಒಂದು ಬಾಯಿಗೆ ಹಿಡಿ. ಸಿದ್ಧ ಸಾಕ್ಸ್ ಸಿಗದಿದ್ದರೆ ದರ್ಜಿಯ ಹತ್ತಿರ ಹೊಲಿಸಬಹುದು. ಮೀನುಮರಿ ಸಾಕುವ ಕಡೆ ಬಳಸುವ ಹಾಪಾ ಬಲೆಯ ಬಟ್ಟೆಯಲ್ಲಿ ಗಂಟಿಲ್ಲದ, ಮೆತ್ತಗಿರುವುದನ್ನು ಆರಿಸಿ, ಹೊಲಿಗೆಯ ಅಂಚು ಹೊರಮೈಗೆ ಬರುವಂತೆ ಹೇಳಿ. ಒಳಮೈಗೆ ಕೆನ್ನೆ ತಾಗಿಸಿದರೆ ಒರಟೆನಿಸಬಾರದು.

ಇನ್ನು ನೀರು. ನಿಮ್ಮ ಕೊಳ ತುಂಬಿದಾಗ ಸುಮಾರು 11,000 ಲೀಟರ್ ಆಗುತ್ತದೆ. ನಾಲ್ಕಡಿ ಆಳದಲ್ಲಿ ಮೀನಿಗೆ ಬಲೆಯ ಕೆಳಗೆ ನುಸುಳಲು ಎಲ್ಲೆಲ್ಲೂ ಜಾಗವಿದೆ. ನೀರನ್ನು ಎರಡಡಿಗೆ ಇಳಿಸಿದರೆ ಆಟ ಅರ್ಧ ಮುಗಿದಂತೆ. ಅದಕ್ಕಿಂತ ತೀರಾ ಕೆಳಗೆ ಇಳಿಸಬೇಡಿ, ಕೆಸರು ಎದ್ದು ಕಿವಿರಿಗೆ ತುಂಬುತ್ತದೆ. ತೆಗೆದ ನೀರಿನಲ್ಲಿ ಡ್ರಮ್ಮು, ಸಿಂಟೆಕ್ಸಿನಲ್ಲಿ ಹಿಡಿಯುವಷ್ಟನ್ನು ಉಳಿಸಿಕೊಳ್ಳಿ, ಉಳಿದದ್ದು ಗಿಡಗಳಿಗೆ. ಏರ್ ಪಂಪ್ ನಿಲ್ಲಬಾರದು. ಫಿಲ್ಟರ್ ಒಣಗಲೂ ಬಾರದು, ಅದರಲ್ಲಿರುವ ಬ್ಯಾಕ್ಟೀರಿಯಾ ಸತ್ತರೆ ಮುಂದಿನ ವಾರ ಅಮೋನಿಯಾ ಏರುತ್ತದೆ. ಮತ್ತೆ ತುಂಬಿಸುವಾಗ ಒಂದೇ ದಿನ ತುಂಬಿಸಬೇಡಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯಲು ಆಂಟಿ-ಕ್ಲೋರಿನ್ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್, ಹಾಕಲೇಬೇಕು. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ ಇರುತ್ತದೆ, ಎತ್ತರದಿಂದ ಷವರಿನಂತೆ ಚಿಮ್ಮಿಸಿ ಬಿಡಿ.

ಕೋಯಿಯ ತವರಾದ ಜಪಾನಿನ ನೀಗಾತಾ ಪ್ರಾಂತ್ಯದಲ್ಲಿಯೂ ಕ್ರಮ ಇದೇ. ಅಲ್ಲಿ ಬೇಸಿಗೆಯಿಡೀ ಗುಡ್ಡದ ಮೇಲಿನ ಮಣ್ಣಿನ ಕೊಳಗಳಲ್ಲಿ ಬೆಳೆದ ಮೀನನ್ನು ಹಿಮ ಬೀಳುವುದಕ್ಕೆ ಮುಂಚೆ, ಅಕ್ಟೋಬರ್ ಆಸುಪಾಸಿನಲ್ಲಿ, ಒಳಾಂಗಣ ತೊಟ್ಟಿಗಳಿಗೆ ತರುತ್ತಾರೆ. ಮೊದಲು ನೀರು ಇಳಿಸುತ್ತಾರೆ, ಎಳೆಬಲೆಯಿಂದ ಮೀನುಗಳನ್ನು ಒಂದು ಮಗ್ಗುಲಿಗೆ ಒತ್ತರಿಸುತ್ತಾರೆ, ಆಮೇಲೆ ಒಂದೊಂದನ್ನೇ ಕೈಯಾಸರೆಯಲ್ಲಿ ಸಾಗಿಸುತ್ತಾರೆ. ಲಕ್ಷಗಟ್ಟಲೆ ಬೆಲೆಯ ಮೀನಿಗೂ ಅವಸರವಿಲ್ಲ, ಅಟ್ಟಾಟವಿಲ್ಲ. ನಿಮ್ಮದು ಆರೇ ಮೀನು. ಅಡ್ಡಬಲೆ ಇದ್ದರೆ ಕೊಳದ ಮೂರನೇ ಒಂದು ಭಾಗಕ್ಕೆ ಅವನ್ನು ಒತ್ತರಿಸಿ, ಐದು ನಿಮಿಷ ಎಲ್ಲರೂ ಸುಮ್ಮನೆ ನಿಂತುಬಿಡಿ.

ಪ್ಯಾನ್ ನೆಟ್ಟನ್ನು ಮೀನಿನ ಬಾಲದ ಹಿಂದಿನಿಂದ ಬೀಸಿದರೆ ಮೀನೇ ಗೆಲ್ಲುತ್ತದೆ. ಬಲೆಯನ್ನು ಅದರ ಮುಂದೆ, ನೀರಿನೊಳಗೆ ಓರೆಯಾಗಿ ಹಿಡಿದು ನಿಲ್ಲಿ. ಮೀನು ಹತ್ತಿರ ಬಂದು ತಡೆಯುತ್ತದೆ, ಎದೆಯ ಎರಡು ಈಜುರೆಕ್ಕೆಗಳನ್ನು ಮುಂದಕ್ಕೆ ಬೀಸುತ್ತ ಅಂಗುಲ ಅಂಗುಲವಾಗಿ ಹಿಂದೆ ಸರಿಯುತ್ತದೆ, ಬಾಲ ಮಾತ್ರ ಅಲುಗಾಡುವುದಿಲ್ಲ. ಆ ಗಳಿಗೆಯಲ್ಲಿ ನುಗ್ಗಿದರೆ ಅದು ಸಿಡಿದು ಹೋಗುತ್ತದೆ. ಬಲೆಯ ಅಂಚನ್ನು ಅದು ಸರಿಯುವಷ್ಟೇ ನಿಧಾನವಾಗಿ ಜೊತೆಗೆ ಒಯ್ದರೆ ಮೀನು ತಾನಾಗಿ ಮೈ ತಿರುಗಿಸಿ ಬಲೆಯ ಅಂಚಿನುದ್ದಕ್ಕೆ ಈಜತೊಡಗುತ್ತದೆ. ಅಲ್ಲಿಂದ ಅದನ್ನು ತೇಲುವ ಟಬ್ಬಿನ ಕಡೆಗೆ ನಡೆಸಬೇಕು. ಟಬ್ಬಿನ ಬಳಿ ಇರುವವರು ಅಂಚನ್ನು ನೀರಿನೊಳಕ್ಕೆ ಒತ್ತಿ ಹಿಡಿಯಲಿ, ಮೀನಿನ ತಲೆ ಒಳಗೆ ಬಂದು ಮೈ ಪೂರ್ತಿ ದಾಟಿದ ಮೇಲೆ ಅಂಚು ಬಿಟ್ಟರೆ ಸಾಕು. ಎರಡು ಮೂರು ಪ್ರಯತ್ನದಲ್ಲಿ ಆಗದಿದ್ದರೆ ಆ ದಿನಕ್ಕೆ ನಿಲ್ಲಿಸಿ. ಕಿವಿರು ಮುಚ್ಚಳ ಜೋರಾಗಿ ಬಡಿಯತೊಡಗಿದ್ದರೆ, ಈಜುರೆಕ್ಕೆಗಳಲ್ಲಿ ಕೆಂಪು ಗೆರೆ ಎದ್ದಿದ್ದರೆ, ಎರಡನೇ ಪ್ರಯತ್ನವನ್ನೂ ಮಾಡಬೇಡಿ.

ಎತ್ತುವುದಕ್ಕೆ ಇಬ್ಬರು ಬೇಕು. ಸಾಕ್ಸನ್ನು ಟಬ್ಬಿನ ನೀರಿನಲ್ಲಿ ಮುಳುಗಿಸಿ, ಹಿಡಿಯಿರುವ ಬಾಯನ್ನು ಮೀನಿನ ತಲೆಯ ಮುಂದೆ ತೆರೆದು, ತಲೆಯಿಂದ ಒಳಗೆ ಬಿಡಿ. ಇನ್ನೊಂದು ಬಾಯಿಯನ್ನು ಒಬ್ಬರು ತಿರುಚಿ ಬಿಗಿಯಾಗಿ ಹಿಡಿದಿರಲಿ. ಮೀನನ್ನು ಅಡ್ಡಡ್ಡ, ನೆಲಕ್ಕೆ ಸಮನಾಗಿ ಎತ್ತಬೇಕು, ತಲೆ ಮೇಲೆ ಬಾಲ ಕೆಳಗೆ ಆಗಬಾರದು. ಗಾಳಿಯಲ್ಲಿ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರಾಟ ನಿಂತಂತೆಯೇ ಲೆಕ್ಕ. ಹೊರಗಿರುವ ಹೊತ್ತು ಅರ್ಧ ನಿಮಿಷ ಮೀರದಿರಲಿ. ಉಂಗುರ, ಕೈಗಡಿಯಾರ, ಬಳೆ ತೆಗೆದಿಡಿ, ಕೈ ಒದ್ದೆ ಮಾಡಿಕೊಳ್ಳಿ. ಒಣಗಿದ ಅಂಗೈ ಲೋಳೆಯನ್ನು ಎತ್ತಿಕೊಂಡು ಬರುತ್ತದೆ, ಸೋಂಕಿಗೆ ಎದುರಾಗಿ ಮೀನಿಗಿರುವ ಮೊದಲ ಗೋಡೆಯೇ ಆ ಲೋಳೆ. ನಿಂತು ಎತ್ತಬೇಡಿ, ನೆಲದ ಮೇಲೆ ಒದ್ದೆ ಫೋಮ್ ಹಾಸಿ ಮಂಡಿಯೂರಿ ಕೂತು ಎತ್ತಿ. ಜಾರಿದರೂ ಬೀಳುವುದು ಗೇಣುದ್ದ. ಮೀನು ಒದ್ದಾಡತೊಡಗಿದರೆ ಬಿಗಿಯಾಗಿ ಅಮುಕಬೇಡಿ, ನೀರಿಗೆ ಇಳಿಸಿಬಿಡಿ. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಹೆಣ್ಣಾದರೆ ಮೊಟ್ಟೆಯಿಡುವ ಕಾಲ ಕಳೆಯುವವರೆಗೆ ಎತ್ತುವ ಮಾತೇ ಬೇಡ.

ಹುಣ್ಣು ಶುಚಿ ಮಾಡಲು ಮೀನು ಅಲುಗಾಡದೆ ಮಲಗಬೇಕು. ಅದಕ್ಕೆ ಲವಂಗದ ಎಣ್ಣೆ ಬಳಸುತ್ತಾರೆ, ಅದರಲ್ಲಿರುವ ಯೂಜೆನಾಲ್ ಮೀನಿಗೆ ಅರಿವಳಿಕೆ. ಎಣ್ಣೆಯನ್ನು ನೇರವಾಗಿ ಟಬ್ಬಿಗೆ ಸುರಿದರೆ ಮೇಲೆ ತೇಲುತ್ತದೆ. ಬಾಟಲಿಯಲ್ಲಿ ಸ್ವಲ್ಪ ಬೆಚ್ಚನೆಯ ನೀರಿನೊಂದಿಗೆ ಹಾಲಿನಂತೆ ಬಿಳಿಯಾಗುವವರೆಗೆ ಕುಲುಕಿ ಬೆರೆಸಬೇಕು. 50 ಲೀಟರ್ ಕೊಳದ ನೀರಿಗೆ 2 ಮಿಲಿಲೀಟರ್, ಅಂದರೆ ಲೀಟರಿಗೆ 40 ಮಿಲಿಗ್ರಾಂನಷ್ಟು, ಆರಂಭದ ಪ್ರಮಾಣ. ಮೀನು ಮೆಲ್ಲಗೆ ಸಮತೋಲ ತಪ್ಪಿ ಒಂದು ಮಗ್ಗುಲಿಗೆ ವಾಲುತ್ತದೆ, ಕಿವಿರು ಮುಚ್ಚಳ ನಿಧಾನವಾದರೂ ಆಡುತ್ತಲೇ ಇರಬೇಕು. ಅದು ನಿಂತರೆ ತಕ್ಷಣ ಏರ್ ಕಲ್ಲು (ಏರ್ ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಕಲ್ಲು) ಹಾಕಿರುವ ಶುದ್ಧ ಕೊಳದ ನೀರಿಗೆ ಒಯ್ದು, ಬಾಯಿಯ ಕಡೆಯಿಂದ ನೀರು ಹರಿಯುವಂತೆ ಮುಂದಕ್ಕೆ ನಡೆಸುತ್ತಿರಿ. ಹಿಂದಕ್ಕೆ ಮುಂದಕ್ಕೆ ತಳ್ಳಾಡಬೇಡಿ. ಅಂಗಡಿಯ ಎಣ್ಣೆಗಳ ತೀವ್ರತೆ ಒಂದೇ ತೆರನಾಗಿರುವುದಿಲ್ಲ, ಹಾಗಾಗಿ ಮೊದಲ ಸಲ ಮೀನಿನ ಚಿಕಿತ್ಸೆ ಗೊತ್ತಿರುವ ಪಶುವೈದ್ಯರು ಪಕ್ಕದಲ್ಲಿರಲಿ ಎಂದು ಒತ್ತಾಯಿಸಿ ಹೇಳುತ್ತೇನೆ. ಹತ್ತಿರದಲ್ಲಿ ಅಂಥವರು ಇಲ್ಲದಿದ್ದರೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ವಿಚಾರಿಸಿ.

ಮಲಗಿದ ಮೀನಿನ ಕಣ್ಣಿಗೆ ಒದ್ದೆ ಬಟ್ಟೆ ಮುಚ್ಚಿ. ಹುಣ್ಣಿನ ಅಂಚಿನಲ್ಲಿ ಸಡಿಲವಾದ ಹುರುಪೆಯಿದ್ದರೆ ಚಿಮುಟದಿಂದ ತೆಗೆದು, ಹತ್ತಿಕಡ್ಡಿಯಿಂದ ಒರೆಸಿ, ಪೊವಿಡೋನ್ ಅಯೋಡಿನ್ ಮುಟ್ಟಿಸಿ. ಅದು ಕಿವಿರಿಗೂ ಕಣ್ಣಿಗೂ ಹರಿಯಬಾರದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು ಫೋಟೊ ತೆಗೆದಿಡಿ, ವಾಸಿಯಾಗುತ್ತಿದೆಯೇ ಎಂದು ನೋಡಲು ಮತ್ತೆ ಮತ್ತೆ ಹಿಡಿಯಬೇಕಾಗುವುದಿಲ್ಲ. ಆಂಟಿಬಯೋಟಿಕ್ ಬೇಕೇ ಎಂಬುದನ್ನು ವೈದ್ಯರೇ ಹೇಳಲಿ. ಆಮೇಲೆ ಮೀನನ್ನು ಬೇರೆ ತೊಟ್ಟಿಯಲ್ಲಿ ಇಡುವುದಾದರೆ 1,000 ಲೀಟರಿಗೆ 3 ಕಿಲೊ ಕಲ್ಲುಪ್ಪು ಕರಗಿಸಿ ಹಾಕಿ. ಮೀನಿನ ರಕ್ತ ನೀರಿಗಿಂತ ಉಪ್ಪು, ಗಾಯದ ಮೂಲಕ ನೀರು ಒಳನುಗ್ಗುತ್ತಲೇ ಇರುತ್ತದೆ. ನೀರಿನಲ್ಲಿ ಸ್ವಲ್ಪ ಉಪ್ಪಿದ್ದರೆ ಆ ಹೊರೆ ಇಳಿಯುತ್ತದೆ. ತೊಟ್ಟಿಯ ಮೇಲೆ ಬಲೆ ಹೊದಿಸಿ ಕಟ್ಟಿ. ಜಾಗ ಬದಲಾದ ಕೋಯಿ ಮೊದಲ ಕೆಲವು ರಾತ್ರಿ ಹಾರುತ್ತದೆ. ಕಲ್ಲಿನ ಮೇಲೆ ಬಿದ್ದ ಇನ್ನೊಂದು ಮೀನನ್ನೂ ದಿನವೂ ಗಮನಿಸಿ. ಗಾಯ ಮೇಲೆ ಕಾಣಲು ವಾರವೂ ಹಿಡಿಯಬಹುದು.

ಬಲೆ, ಸಾಕ್ಸುಗಳನ್ನು ಬೇರೆ ಕೊಳದವರಿಂದ ಕೇಳಿ ತರಬೇಡಿ, ನಿಮ್ಮದನ್ನೂ ಕೊಡಬೇಡಿ. 1998ರಲ್ಲಿ ಇಸ್ರೇಲಿನಲ್ಲಿ ಗುರುತಿಸಿದ ಕೋಯಿ ಹರ್ಪಿಸ್ ವೈರಸ್ಸಿಗೆ ಈ ಹೊತ್ತಿಗೂ ಮದ್ದಿಲ್ಲ, ಒದ್ದೆ ಬಲೆಯ ಮೂಲಕವೂ ರೋಗ ದಾಟುತ್ತದೆ. ಬಳಸಿದ ಮೇಲೆ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸಿ.

ಇದೇ ಕಾರಣಕ್ಕೆ ಕೆರೆಗೆ ಬಿಡುವ ಯೋಚನೆಯನ್ನು ಕೈಬಿಡಿ. ಹುಣ್ಣಿರುವ ಮೀನನ್ನಂತೂ ಖಂಡಿತ ಬೇಡ. ಆರೋಗ್ಯವಾಗಿರುವ ಕೋಯಿಯೂ ಕೆರೆಯ ತಳವನ್ನು ಮೂತಿಯಿಂದ ಅಗೆದು ನೀರು ಕದಡುತ್ತದೆ, ನೀರೊಳಗಿನ ಗಿಡಗಳನ್ನು ಬುಡಸಮೇತ ಎಬ್ಬಿಸುತ್ತದೆ. ಜಗತ್ತಿನ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸಾಮಾನ್ಯ ಗೆಂಡೆಯ ಹೆಸರಿದೆ. ಬೆಳ್ಳಗೆ, ಕೆಂಪಗೆ ಹೊಳೆಯುವ, ಮನುಷ್ಯರ ಕೈಯಿಂದ ತಿಂದು ಬೆಳೆದ ಮೀನಿಗೂ ಕೆರೆ ಸುರಕ್ಷಿತವಲ್ಲ, ಹದ್ದು, ನೀರುನಾಯಿ, ಗಾಳ ಯಾವುದಕ್ಕೂ ಅದು ಸುಲಭವಾಗಿ ಸಿಗುತ್ತದೆ. ನಿಮ್ಮಿಂದ ಸಾಧ್ಯವಾಗುವುದೇ ಇಲ್ಲ ಎನಿಸಿದರೆ, ಹುಣ್ಣು ಪೂರ್ತಿ ಮಾಗಿದ ಮೇಲೆ, ದೊಡ್ಡ ಕೊಳವಿರುವ ಸಾಕಣೆದಾರರಿಗೆ ಕೊಡಿ. ಒಯ್ಯುವ ಎರಡು ದಿನ ಮೊದಲೇ ಮೇವು ನಿಲ್ಲಿಸಿ. ಒಂದರೊಳಗೊಂದು ಇಟ್ಟ ಎರಡು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮೂರರಲ್ಲಿ ಒಂದು ಪಾಲು ನೀರು, ಉಳಿದ ಜಾಗಕ್ಕೆ ಆಮ್ಲಜನಕ. ಕಾರಿನಲ್ಲಿ ಮೀನು ಅಡ್ಡಕ್ಕೆ ಮಲಗಿರಲಿ. ಉದ್ದಕ್ಕೆ ಇಟ್ಟರೆ ಬ್ರೇಕ್ ಹಾಕಿದಾಗಲೆಲ್ಲ ಮೂತಿ ಗುದ್ದಿಕೊಳ್ಳುತ್ತದೆ. ತಲುಪಿದ ಮೇಲೆ ಮುಚ್ಚಿದ ಚೀಲವನ್ನು ನೆರಳಿನಲ್ಲಿ ಇಪ್ಪತ್ತು ನಿಮಿಷ ತೇಲಿಸಿ, ನೀರಿನ ಬಿಸಿ ಸಮವಾಗಲಿ. ಚೀಲ ಬಿಚ್ಚಿದ ಮೇಲೆ ತಡ ಮಾಡಬೇಡಿ. ಒಳಗಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋದಂತೆ ಪಿಎಚ್ ಏರಿ, ದಾರಿಯಲ್ಲಿ ಸೇರಿದ ಅಮೋನಿಯಾ ವಿಷವಾಗುತ್ತದೆ. ಮೀನನ್ನು ಸಾಕ್ಸಿನಲ್ಲಿ ಎತ್ತಿ ಹೊಸ ಕೊಳಕ್ಕೆ ಬಿಡಿ, ಚೀಲದ ನೀರನ್ನು ಕೊಳಕ್ಕೆ ಸುರಿಯಬೇಡಿ.